ಲ್ಯಾಕ್ಸ್‌ಟನ್: ಬೇಲಿ ಹಾಕದೆ ಉಳಿದ ಊರು

ನಮ್ಮ ಓದುಗರ ಕೂಟದಲ್ಲಿ ಈಚೆಗೆ ಆಡಿದ ಮಾತುಗಳ ಬರಹ ರೂಪ ಇದು. ಮಾತಿನ ಧಾಟಿಯನ್ನು ಆದಷ್ಟು ಹಾಗೇ ಬಿಟ್ಟಿದ್ದೇನೆ. ಕೊನೆಯಲ್ಲಿ ಬಂದ ಪ್ರಶ್ನೆಗಳಲ್ಲಿ ಕೆಲವನ್ನು ಸೇರಿಸಿದ್ದೇನೆ.

ಎಲ್ಲರಿಗೂ ನಮಸ್ಕಾರ.

ಇಂಗ್ಲೆಂಡಿನ ಹಳ್ಳಿ ಅಂದ ಕೂಡಲೇ ನಮ್ಮ ಕಣ್ಮುಂದೆ ಬರುವ ಚಿತ್ರ ಹೆಚ್ಚುಕಡಿಮೆ ಒಂದೇ. ಹಸಿರು ಇಳಿಜಾರು, ಅದರ ತುಂಬ ಗಿಡಬೇಲಿ ಕಟ್ಟಿದ ಚೌಕ ಚೌಕ ಹೊಲಗಳು, ಅಲ್ಲಲ್ಲಿ ಕುರಿ, ಒಂದು ಚರ್ಚಿನ ಗೋಪುರ. ಆ ಬೇಲಿಗಳು ಅನಾದಿ ಕಾಲದಿಂದ ಹಾಗೇ ಇವೆ ಅಂದುಕೊಳ್ಳುತ್ತೇವೆ. ಆದರೆ ಮಧ್ಯ ಇಂಗ್ಲೆಂಡಿನ ಎಷ್ಟೋ ಕಡೆ ಆ ಬೇಲಿಗಳಿಗೆ ಇನ್ನೂರು, ಇನ್ನೂರೈವತ್ತು ವರ್ಷ ಅಷ್ಟೇ ವಯಸ್ಸು. ಅದಕ್ಕೂ ಮೊದಲು ಅಲ್ಲಿನ ಊರುಗಳಲ್ಲಿ ಹೊಲದ ನಡುವೆ ಬೇಲಿಯೇ ಇರಲಿಲ್ಲ. ಊರಿಗೆ ಎರಡೋ ಮೂರೋ ದೊಡ್ಡ ಬಯಲು ಹೊಲ, ಅದರೊಳಗೆ ಒಬ್ಬೊಬ್ಬ ರೈತನಿಗೆ ಅಲ್ಲೊಂದು ಇಲ್ಲೊಂದು ಪಟ್ಟಿ, ಯಾವ ವರ್ಷ ಯಾವ ಹೊಲಕ್ಕೆ ಯಾವ ಬೆಳೆ ಅನ್ನೋದು ಎಲ್ಲರೂ ಸೇರಿ ಪಾಲಿಸುವ ಕಟ್ಟಳೆ.

ಆ ಪದ್ಧತಿ ಇಂಗ್ಲೆಂಡಿನಲ್ಲಿ ಹೆಚ್ಚುಕಡಿಮೆ ಅಳಿದುಹೋಗಿದೆ. ಹೊಲದ ಗುರುತು ಉಳಿದ ಜಾಗಗಳು ಒಂದೆರಡಿವೆ, ಡೆವನ್‌ನ ಬ್ರಾಂಟನ್‌ನಲ್ಲಿ ಒಂದು, ಲಿಂಕನ್‌ಶೈರ್‌ನ ಆಕ್ಸ್‌ಹೋಮ್ ಕಡೆ ಇನ್ನೊಂದಷ್ಟು. ಆದರೆ ಹೊಲವೂ ಉಳಿದು, ಬೆಳೆಯ ಸರದಿಯೂ ಉಳಿದು, ಅದನ್ನು ನಡೆಸುವ ಊರ ನ್ಯಾಯಸಭೆಯೂ ಕಾನೂನಿನ ಬಲದೊಂದಿಗೆ ಉಳಿದಿರುವುದು ಒಂದೇ ಊರಲ್ಲಿ. ಅದು ನಾಟಿಂಗ್‌ಹ್ಯಾಮ್‌ಶೈರ್‌ನ ಲ್ಯಾಕ್ಸ್‌ಟನ್. ಇವತ್ತಿನ ಮಾತೆಲ್ಲ ಅದರದ್ದೇ.

ಊರು ಚಿಕ್ಕದು. ಕೆಲವು ನೂರು ಜನ ಇದ್ದಾರೆ ಅಷ್ಟೇ. ನ್ಯೂವಾರ್ಕ್ ಪಟ್ಟಣ ಹೆಚ್ಚು ದೂರವಿಲ್ಲ, ರಾಬಿನ್ ಹುಡ್ ಕಥೆಗಳ ಶೆರ್ವುಡ್ ಕಾಡು ಪಕ್ಕದಲ್ಲೇ. ನೆಲ ಕೆಂಪು ಜಿಗುಟು ಮಣ್ಣು, ಮಳೆ ಬಂದರೆ ಬೂಟು ಕಿತ್ತು ಬರುವಷ್ಟು ಜಿಗುಟು. ಊರ ಉತ್ತರಕ್ಕೆ ಒಂದು ಕೋಟೆಯ ಮಣ್ಣದಿಬ್ಬ ಇದೆ. ನಾರ್ಮನ್ನರು ಇಂಗ್ಲೆಂಡನ್ನು ಗೆದ್ದ ಮೇಲೆ ಕಟ್ಟಿದ ಕೋಟೆ ಅದು, ಆಮೇಲೆ ಶೆರ್ವುಡ್ ಕಾಡಿನ ಉಸ್ತುವಾರಿ ಹೊತ್ತಿದ್ದ ಎವರಿಂಗ್‌ಹ್ಯಾಮ್ ಮನೆತನದವರು ಅಲ್ಲಿದ್ದರು. ಈಗ ಹುಲ್ಲು ಬೆಳೆದ ಗುಡ್ಡ, ಕಂದಕ ಬಿಟ್ಟರೆ ಏನೂ ಇಲ್ಲ. 1086ರಲ್ಲಿ ವಿಲಿಯಂ ದೊರೆ ಮಾಡಿಸಿದ ದೇಶದ ಲೆಕ್ಕದ ಪುಸ್ತಕದಲ್ಲೂ ಊರಿನ ಹೆಸರಿದೆ. ಮೊದಲು ಟೋಕಿ ಅನ್ನುವವನದ್ದಾಗಿದ್ದ ಜಮೀನು ಆಗ ಜೆಫ್ರಿ ಆಲ್ಸೆಲಿನ್ ಅನ್ನುವ ನಾರ್ಮನ್ ಸರದಾರನ ಕೈ ಸೇರಿತ್ತು. ಇಂಥ ಕೋಟೆ, ಸರದಾರರ ಕಥೆ ಇಂಗ್ಲೆಂಡಿನ ನೂರಾರು ಊರಿಗಿದೆ, ಹಾಗಾಗಿ ಅದನ್ನು ಇಲ್ಲಿಗೇ ಬಿಡುತ್ತೇನೆ.

ಲ್ಯಾಕ್ಸ್‌ಟನ್‌ನ ಬೀದಿಯಲ್ಲಿ ನಡೆದರೆ ಒಂದು ವಿಷಯ ಗಮನಕ್ಕೆ ಬರುತ್ತದೆ. ರೈತರ ಮನೆಗಳು, ಕೊಟ್ಟಿಗೆಗಳು, ಧಾನ್ಯ ಇಡುವ ಕಟ್ಟಡಗಳು ಎಲ್ಲ ಊರೊಳಗೇ, ಬೀದಿಯ ಎರಡೂ ಬದಿಗೆ ಒತ್ತೊತ್ತಾಗಿವೆ. ನಮಗೆ ಇದರಲ್ಲಿ ಏನು ವಿಶೇಷ ಅನ್ನಿಸಬಹುದು, ನಮ್ಮ ಬಯಲುಸೀಮೆಯ ಊರುಗಳೂ ಹೀಗೇ ಅಲ್ವಾ. ಆದರೆ ಇಂಗ್ಲೆಂಡಿನಲ್ಲಿ ಹೊಲಕ್ಕೆ ಬೇಲಿ ಬಿದ್ದ ಮೇಲೆ ಎಷ್ಟೋ ರೈತರು ಊರು ಬಿಟ್ಟು ತಮ್ಮ ಜಮೀನಿನ ನಡುವೆ ಮನೆ ಕಟ್ಟಿಕೊಂಡರು. ಲ್ಯಾಕ್ಸ್‌ಟನ್‌ನಲ್ಲಿ ಹಾಗೆ ಆಗಲಿಲ್ಲ, ಯಾಕೆಂದರೆ ಒಬ್ಬನ ಜಮೀನು ಒಂದೇ ಕಡೆ ಇರಲೇ ಇಲ್ಲ. ಬೆಳಗ್ಗೆ ಎಲ್ಲರೂ ಒಂದೇ ಬೀದಿಯಿಂದ ಹೊರಟು ಬೇರೆ ಬೇರೆ ದಿಕ್ಕಿಗೆ ಹೋಗಬೇಕು.

ಈಗ ಹೊಲಗಳ ವಿಷಯ. ಮೂರು ದೊಡ್ಡ ಹೊಲಗಳಿವೆ: ವೆಸ್ಟ್ ಫೀಲ್ಡ್, ಮಿಲ್ ಫೀಲ್ಡ್, ಸೌತ್ ಫೀಲ್ಡ್. ಒಟ್ಟು ಸುಮಾರು 480 ಎಕರೆ. ಹಿಂದೆ ಇದಕ್ಕಿಂತ ಎಷ್ಟೋ ಜಾಸ್ತಿ ಇತ್ತು. ಒಂದು ಹೊಲಕ್ಕೆ ಚಳಿಗಾಲದ ಮುಂಚೆ ಗೋಧಿ ಬಿತ್ತುತ್ತಾರೆ. ಎರಡನೆಯದಕ್ಕೆ ಚಳಿ ಕಳೆದ ಮೇಲೆ ಬಾರ್ಲಿಯಂಥ ಬೆಳೆ. ಮೂರನೆಯದನ್ನು ಆ ವರ್ಷ ಬೀಳು ಬಿಡುತ್ತಾರೆ. ಬೀಳು ಅಂದರೆ ಹಿಂದೆ ಸುಮ್ಮನೆ ಬಿಟ್ಟು ದನ ಕುರಿ ಮೇಯಿಸುತ್ತಿದ್ದರು, ಗೊಬ್ಬರ ಅಲ್ಲೇ ಬೀಳುತ್ತಿತ್ತು, ಕಳೆಯೂ ಸಾಯುತ್ತಿತ್ತು. ಈಗ ಅಲ್ಲಿ ಹುಲ್ಲು ಅಥವಾ ಮೇವಿನ ಬೆಳೆ ಹಾಕುತ್ತಾರೆ. ಮುಂದಿನ ವರ್ಷ ಸರದಿ ಒಂದು ಹೆಜ್ಜೆ ಮುಂದೆ ಸರಿಯುತ್ತದೆ. ಮೂರು ವರ್ಷಕ್ಕೆ ಒಂದು ಸುತ್ತು.

ಒಬ್ಬ ರೈತನ ಪಟ್ಟಿಗಳು ಮೂರೂ ಹೊಲದಲ್ಲಿ ಹಂಚಿಹೋಗಿರುತ್ತವೆ. ಹಾಗಿರಲೇಬೇಕು. ಎಲ್ಲ ಜಮೀನೂ ಒಂದೇ ಹೊಲದಲ್ಲಿದ್ದರೆ ಬೀಳು ಬಿಟ್ಟ ವರ್ಷ ಅವನಿಗೆ ಊಟವೇ ಇಲ್ಲ. ಆದರೆ ಒಂದೇ ಹೊಲದೊಳಗೂ ಪಟ್ಟಿಗಳು ಯಾಕೆ ಚದುರಿದ್ದವು? ಇದಕ್ಕೆ ವಿದ್ವಾಂಸರು ಹಲವು ಕಾರಣ ಕೊಡುತ್ತಾರೆ. ನೇಗಿಲು, ಎತ್ತು ಎಲ್ಲರೂ ಹಂಚಿಕೊಂಡು ಉಳುತ್ತಿದ್ದರು, ದಿನದ ಉಳುಮೆ ಒಬ್ಬೊಬ್ಬನ ಪಾಲಿಗೆ ಹೋಗುತ್ತಿತ್ತು ಅನ್ನುವವರು ಇದ್ದಾರೆ. ತಲೆಮಾರು ತಲೆಮಾರಿಗೆ ಪಾಲಾಗುತ್ತ ಬಂದದ್ದು ಅನ್ನುವವರೂ ಇದ್ದಾರೆ. ನನಗೆ ಮನಸ್ಸಿಗೆ ಹತ್ತುವುದು ಮೂರನೆಯ ಮಾತು. ತಗ್ಗಿನ ಜಮೀನು ಮಳೆ ಜಾಸ್ತಿಯಾದರೆ ಕೊಳೆಯುತ್ತದೆ, ದಿಬ್ಬದ ಜಮೀನು ಮಳೆ ಕಮ್ಮಿಯಾದರೆ ಒಣಗುತ್ತದೆ. ಎರಡೂ ಕಡೆ ಒಂದೊಂದು ಪಟ್ಟಿ ಇದ್ದವನು ಯಾವ ವರ್ಷವೂ ಪೂರ್ತಿ ಮುಳುಗುವುದಿಲ್ಲ. ಬೆಳೆ ವಿಮೆ ಇಲ್ಲದ ಕಾಲದಲ್ಲಿ ರೈತರು ನೆಲವನ್ನೇ ಹಾಗೆ ಹಂಚಿಕೊಂಡು ಬದುಕಿದರು ಅಂತ ನನ್ನ ನಂಬಿಕೆ.

ಪಟ್ಟಿಗಳ ಆಕಾರದ ಬಗ್ಗೆಯೂ ಒಂದು ಮಾತು. ಹಳೆಯ ಪಟ್ಟಿಗಳು ನೆಟ್ಟಗಿರುವುದಿಲ್ಲ, ಎರಡೂ ತುದಿಯಲ್ಲಿ ಸ್ವಲ್ಪ ಬಾಗಿರುತ್ತವೆ. ಭಾರದ ನೇಗಿಲಿಗೆ ಎತ್ತುಗಳ ಉದ್ದ ಸಾಲು ಕಟ್ಟುತ್ತಿದ್ದರು, ಆ ಸಾಲನ್ನು ಹೊಲದ ಕೊನೆಯಲ್ಲಿ ಒಮ್ಮೆಲೇ ತಿರುಗಿಸೋಕೆ ಆಗಲ್ಲ, ಇನ್ನೂ ದೂರ ಇರುವಾಗಲೇ ಓರೆಯಾಗಿ ಹೊರಳಬೇಕು. ನೂರಾರು ವರ್ಷ ಹಾಗೆ ಹೊರಳಿ ಹೊರಳಿ ಸಾಲೇ ಬಾಗಿತು. ಉತ್ತಾಗ ಮಣ್ಣು ಪಟ್ಟಿಯ ನಡುವಿಗೆ ಬಿದ್ದು ಏರು, ಅಂಚಿನಲ್ಲಿ ತಗ್ಗು ಆಗುತ್ತಿತ್ತು. ಮಧ್ಯ ಇಂಗ್ಲೆಂಡಿನಲ್ಲಿ ಹುಲ್ಲುಗಾವಲಾಗಿ ಬಿಟ್ಟ ಎಷ್ಟೋ ಕಡೆ ಸಂಜೆಯ ಓರೆ ಬಿಸಿಲಲ್ಲಿ ಆ ಏರುತಗ್ಗು ಇವತ್ತಿಗೂ ಎದ್ದು ಕಾಣುತ್ತದೆ.

ಎಕರೆ ಲೆಕ್ಕ ನಮಗೆ ಇಂಗ್ಲಿಷರಿಂದಲೇ ಬಂದದ್ದು. ಆ ಎಕರೆಯ ಅಚ್ಚು ಇಂಥ ಹೊಲದ್ದು. 220 ಗಜ ಉದ್ದ, 22 ಗಜ ಅಗಲ, ಗುಣಿಸಿದರೆ 4,840 ಚದರ ಗಜ. ಅದನ್ನು 40 ಭಾಗ ಮಾಡಿದರೆ 121 ಚದರ ಗಜ, ಅದು ನಮ್ಮ ಒಂದು ಗುಂಟೆ. ಕ್ರಿಕೆಟ್ ಪಿಚ್ಚಿನ ಉದ್ದವೂ ಅದೇ 22 ಗಜ. ನಮ್ಮ ಪಹಣಿಯಲ್ಲಿ ಎಕರೆ-ಗುಂಟೆ ಕಾಲಂ ನೋಡುವಾಗ ಇನ್ನು ಮೇಲೆ ಈ ಉದ್ದನೆಯ ಪಟ್ಟಿಯನ್ನು ನೆನೆಸಿಕೊಳ್ಳಿ.

ಬೇಲಿ ಇಲ್ಲದ ಹೊಲ ಅಂದ ಮೇಲೆ ನಿಮ್ಮಲ್ಲಿ ಜಮೀನು ಇರುವವರಿಗೆ ಮೊದಲು ಬರುವ ಅನುಮಾನ ಯಾವುದು ಅಂತ ನನಗೆ ಗೊತ್ತು. ಒತ್ತುವರಿ. ಪಕ್ಕದವನು ಉಳುವಾಗ ಒಂದು ಸಾಲು ಈ ಕಡೆ ಹಾಕಿದರೆ? ವರ್ಷಕ್ಕೆ ಒಂದು ಸಾಲು ಅಂದರೂ ಹತ್ತು ವರ್ಷಕ್ಕೆ ಎಷ್ಟಾಯಿತು? ಬಂಡಿದಾರಿಯನ್ನೇ ಉತ್ತುಬಿಟ್ಟರೆ ಹಿಂದಿನ ಪಟ್ಟಿಯವನು ಹೋಗೋದು ಹೇಗೆ?

ಇದಕ್ಕೆ ಲ್ಯಾಕ್ಸ್‌ಟನ್‌ನವರ ಏರ್ಪಾಡು ವರ್ಷಕ್ಕೊಮ್ಮೆ ಹೊಲ ಸುತ್ತುವುದು. ನವೆಂಬರ್ ಕೊನೆಯ ಹೊತ್ತಿಗೆ, ಗೋಧಿ ಬಿತ್ತಿ ಮುಗಿದ ಮೇಲೆ, ಒಂದು ಗುರುವಾರ ಜ್ಯೂರಿಯವರು ಹೊರಡುತ್ತಾರೆ. ಜ್ಯೂರಿ ಅಂದರೆ ಹೊರಗಿನಿಂದ ಬಂದ ಅಧಿಕಾರಿಗಳಲ್ಲ, ಅದೇ ಊರಿನ ಗೇಣಿ ರೈತರು. ನಮ್ಮ ಕಡೆಯ ಪಂಚರು ಅನ್ನಿ. ಆ ವರ್ಷ ಗೋಧಿ ಬಿತ್ತಿದ ಹೊಲವನ್ನು ಅವರು ನೋಡಬೇಕು. ಊರ ನಡುವೆ ಡವ್‌ಕೋಟ್ ಇನ್ ಅಂತ ಒಂದು ಪಬ್ ಇದೆ, ಅಲ್ಲಿ ಸೇರಿ ಟ್ರ್ಯಾಕ್ಟರಿನ ಟ್ರೇಲರ್ ಹತ್ತಿ ಹೊಲಕ್ಕೆ ಹೋಗುತ್ತಾರೆ. ಕೈಯಲ್ಲಿ ಮರದ ಗೂಟಗಳು, ಹೊಡೆಯೋಕೆ ಸುತ್ತಿಗೆ. ಅವರಲ್ಲೊಬ್ಬ ಮುಖಂಡ.

ಅವರು ನೋಡುವುದು ಬಹಳ ಸಣ್ಣ ಸಣ್ಣ ವಿಷಯ. ಹೊಲದ ನಡುವಿನ ದಾರಿಯ ಅಗಲ ಸರಿ ಇದೆಯಾ, ಯಾರಾದರೂ ನೇಗಿಲು ದಾರಿಗೆ ಹತ್ತಿಸಿದ್ದಾರಾ? ಹಳ್ಳದ ಬದಿಯ ಹುಲ್ಲಿನ ಅಂಚನ್ನು ಯಾರಾದರೂ ಉತ್ತು ಒಳಗೆ ಹಾಕಿಕೊಂಡಿದ್ದಾರಾ? ಕಾಲುವೆ ತೆಗೆದಿದ್ದಾರಾ, ನೀರು ಹರಿಯುತ್ತದಾ? ಎಲ್ಲಿ ಗೆರೆ ಮಸುಕಾಗಿದೆಯೋ ಅಲ್ಲಿ ಇಬ್ಬರು ಮೂವರು ನಿಂತು, ಆ ತುದಿಯಿಂದ ಈ ತುದಿಗೆ ಕಣ್ಣಳತೆ ಹಿಡಿದು, ಇಲ್ಲಿ ಅಂತ ಒಪ್ಪಿ ಗೂಟ ಹೊಡೆಯುತ್ತಾರೆ. ಮುಂದಿನ ಸಲ ಉಳುವವನಿಗೆ ಅದೇ ಗುರುತು. ಸರ್ವೆ ಇಲಾಖೆಗೆ ಅರ್ಜಿ ಹಾಕಿ, ಶುಲ್ಕ ಕಟ್ಟಿ, ಸರ್ವೆಯರ್ ಬರುವ ದಿನ ಕಾಯುತ್ತ, ಅವರು ಬಂದ ದಿನ ಪಕ್ಕದ ಜಮೀನಿನವರು ಊರಲ್ಲಿ ಇಲ್ಲದೆ ಮತ್ತೆ ಮುಂದಕ್ಕೆ ಹೋಗಿ, ಕೊನೆಗೆ ಅಣ್ಣತಮ್ಮಂದಿರು ಕೋರ್ಟು ಹತ್ತಿದ್ದನ್ನು ನಾವೆಲ್ಲ ನೋಡಿದ್ದೇವೆ. ಇಲ್ಲಿ ತಪ್ಪು ಒಂದು ಸಾಲಿನಷ್ಟಿದ್ದಾಗಲೇ ಹಿಡಿದು ಮುಗಿಸುತ್ತಾರೆ. ನನಗೆ ಈ ಊರಲ್ಲಿ ಎಲ್ಲಕ್ಕಿಂತ ಹಿಡಿಸಿದ್ದು ಇದೇ.

ಸುತ್ತಾಟ ಮುಗಿಸಿ ಪಬ್ಬಿಗೆ ಬಂದು ಊಟ. ಅಲ್ಲೇ ಯಾರದ್ದು ತಪ್ಪು, ದಂಡ ಎಷ್ಟು ಅಂತ ಮಾತು. ಒಂದು ವಾರದ ನಂತರ ಅದೇ ಡವ್‌ಕೋಟ್ ಇನ್‌ನಲ್ಲಿ ಕೋರ್ಟ್ ಲೀಟ್ ಸೇರುತ್ತದೆ. ಕೋರ್ಟ್ ಲೀಟ್ ಅನ್ನೋದು ಮಧ್ಯಯುಗದಿಂದ ಬಂದ ಊರ ನ್ಯಾಯಸಭೆ. ಜಮೀನುದಾರರ ಪರವಾಗಿ ಒಬ್ಬ ಸ್ಟೀವರ್ಡ್ ಕೂರುತ್ತಾನೆ, ಬೇಲಿಫ್ ಅನ್ನುವ ಸಭೆಯ ನೌಕರ ಕೂಗಿ ಸಭೆ ಶುರುಮಾಡುತ್ತಾನೆ, ಹೆಸರು ಕರೆಯುತ್ತಾರೆ, ಜ್ಯೂರಿ ತನ್ನ ವರದಿ ಒಪ್ಪಿಸುತ್ತದೆ, ದಂಡ ಹಾಕುತ್ತಾರೆ, ಮುಂದಿನ ವರ್ಷದ ಜ್ಯೂರಿಗೆ ಪ್ರಮಾಣ ಮಾಡಿಸುತ್ತಾರೆ. ದಂಡದ ಮೊತ್ತ ದೊಡ್ಡದೇನಲ್ಲ. ಆದರೆ ಊರವರೆಲ್ಲರ ಎದುರು ಹೆಸರು ಓದುತ್ತಾರೆ, ಅದು ಸಾಕು.

ಇದನ್ನು ಪ್ರವಾಸಿಗರಿಗೆ ಮಾಡುವ ನಾಟಕ ಅಂತ ಯಾರೂ ತಿಳಿಯಬಾರದು. 1977ರಲ್ಲಿ ಬ್ರಿಟಿಷ್ ಪಾರ್ಲಿಮೆಂಟು ಒಂದು ಕಾಯ್ದೆ ಮಾಡಿ ಇಂಥ ಹಳೆಯ ಸಭೆಗಳ ನ್ಯಾಯಾಧಿಕಾರವನ್ನು ತೆಗೆದುಹಾಕಿತು. ಕೆಲವು ಊರುಗಳಲ್ಲಿ ಇವತ್ತಿಗೂ ಕೋರ್ಟ್ ಲೀಟ್ ಅಂತ ಸೇರುತ್ತಾರೆ, ಮೆರವಣಿಗೆ ಮಾಡುತ್ತಾರೆ, ಊಟ ಮಾಡುತ್ತಾರೆ, ಅಷ್ಟೇ. ಕೋರ್ಟ್ ಲೀಟ್‌ಗಳ ಪೈಕಿ ಆ ಕಾಯ್ದೆ ಲ್ಯಾಕ್ಸ್‌ಟನ್ ಒಂದಕ್ಕೆ ವಿನಾಯಿತಿ ಕೊಟ್ಟಿತು. ಹಾಗಾಗಿ ಈ ಊರಿನ ಸಭೆ ತನ್ನ ಹೊಲಗಳ ವಿಷಯದಲ್ಲಿ ಈಗಲೂ ನಿಜವಾದ ನ್ಯಾಯಾಲಯ.

ಇನ್ನು 1635ಕ್ಕೆ ಹೋಗೋಣ. ಈ ಭಾಗ ಹುಡುಕಿ ಓದುವಾಗ ನನಗೆ ಮೈ ಜುಮ್ಮೆಂದಿತ್ತು, ಯಾಕೆ ಅಂತ ಸ್ವಲ್ಪ ಹೊತ್ತಲ್ಲಿ ಗೊತ್ತಾಗುತ್ತದೆ.

ಆಗ ಊರಿನ ಜಮೀನುದಾರ ಸರ್ ವಿಲಿಯಂ ಕೋರ್ಟನ್. ಲಂಡನ್ನಿನ ದೊಡ್ಡ ವ್ಯಾಪಾರಿ. ಅಪ್ಪ ಅಮ್ಮ ಈಗಿನ ಬೆಲ್ಜಿಯಂ ಕಡೆಯ ಫ್ಲಾಂಡರ್ಸ್‌ನಿಂದ ಧರ್ಮದ ಕಿರುಕುಳಕ್ಕೆ ಓಡಿಬಂದವರು. ಮಗ ಬಟ್ಟೆ ವ್ಯಾಪಾರ, ಹಡಗು ವ್ಯಾಪಾರ ಮಾಡಿ ದೊರೆಗಳಿಗೇ ಸಾಲ ಕೊಡುವಷ್ಟು ಬೆಳೆದ. 1627ರಲ್ಲಿ ಬಾರ್ಬಡೋಸ್ ದ್ವೀಪದಲ್ಲಿ ಇಂಗ್ಲಿಷರ ವಸಾಹತು ಶುರುವಾದದ್ದು ಇವನ ಹಣದಿಂದ. ಇಂಗ್ಲೆಂಡಿನಲ್ಲಿ ಅಲ್ಲಲ್ಲಿ ಜಮೀನು ಕೊಂಡಿದ್ದ, ಅದರಲ್ಲಿ ಲ್ಯಾಕ್ಸ್‌ಟನ್ ಒಂದು. ಕೊಂಡ ಊರಲ್ಲಿ ಏನೇನಿದೆ, ಯಾರ್ಯಾರ ಕೈಯಲ್ಲಿ ಎಷ್ಟಿದೆ, ಗೇಣಿ ಎಷ್ಟು ಬರಬೇಕು ಅಂತ ತಿಳಿಯೋಕೆ ಮಾರ್ಕ್ ಪಿಯರ್ಸ್ ಅನ್ನುವ ಸರ್ವೆಯರನ್ನು ಕಳಿಸಿದ.

ಪಿಯರ್ಸ್ ಮಾಡಿದ ಕೆಲಸ ನೋಡಬೇಕು. ಊರಿನ ಒಂದೊಂದು ಪಟ್ಟಿಯನ್ನೂ ಅಳೆದು, ಚರ್ಮದ ಹಾಳೆಗಳ ಮೇಲೆ ದೊಡ್ಡ ನಕ್ಷೆ ಬರೆದ. ಎರಡು ಸಾವಿರಕ್ಕೂ ಹೆಚ್ಚು ಪಟ್ಟಿಗಳು. ಜೊತೆಗೆ ಒಂದು ಪುಸ್ತಕ, ಯಾವ ಪಟ್ಟಿ ಯಾರದ್ದು, ಎಷ್ಟು ಅಳತೆ ಅಂತ. ನಕ್ಷೆಯ ಬಯಲಿನಲ್ಲಿ ಪುಟ್ಟ ಪುಟ್ಟ ಚಿತ್ರಗಳಿವೆ, ನೇಗಿಲು ಹೂಡಿದವರು, ಕೊಯ್ಲು ಮಾಡುವವರು, ನಾಯಿ ಬಿಟ್ಟು ಬೇಟೆಯಾಡುವವರು. ಬೀದಿಯ ಬದಿಗೆ ಒಂದೊಂದು ಮನೆಯನ್ನೂ ಗುರುತು ಮಾಡಿದ್ದಾನೆ. ಈ ನಕ್ಷೆ ಈಗ ಆಕ್ಸ್‌ಫರ್ಡ್‌ನ ಬಾಡ್ಲಿಯನ್ ಗ್ರಂಥಾಲಯದಲ್ಲಿದೆ. ಜಮೀನುದಾರ ತನ್ನ ಗೇಣಿ ಲೆಕ್ಕಕ್ಕೆ ಮಾಡಿಸಿದ್ದು ಅದು, ಆದರೆ ಅದರಿಂದಾಗಿ ಚರಿತ್ರೆಯಲ್ಲಿ ಎಲ್ಲೂ ಹೆಸರಿಲ್ಲದ ಒಬ್ಬ ಸಣ್ಣ ರೈತ ಯಾವ ದಿಬ್ಬದಲ್ಲಿ ಎಷ್ಟು ಉಳುತ್ತಿದ್ದ ಅನ್ನೋದು ನಾಲ್ಕು ಶತಮಾನದ ನಂತರ ನಮಗೆ ಗೊತ್ತು. ಅಂಥ ದಾಖಲೆ ತುಂಬಾ ಅಪರೂಪ.

ಅದೇ 1635ರಲ್ಲಿ ಕೋರ್ಟನ್ ಇನ್ನೊಂದು ಕೆಲಸಕ್ಕೆ ಕೈಹಾಕಿದ. ಪೂರ್ವ ದೇಶಗಳ ವ್ಯಾಪಾರ ಆಗ ಈಸ್ಟ್ ಇಂಡಿಯಾ ಕಂಪನಿಯ ಗುತ್ತಿಗೆ. ಕಂಪನಿ ಹೋಗದ ಬಂದರುಗಳಿಗೆ ಹೋಗುತ್ತೇವೆ ಅಂತ ಹೇಳಿ ಕೋರ್ಟನ್ ಮತ್ತು ಅವನ ಜೊತೆಯವರು ಒಂದನೇ ಚಾರ್ಲ್ಸ್ ದೊರೆಯಿಂದ ಅನುಮತಿ ಪಡೆದರು. 1636ರ ಏಪ್ರಿಲ್‌ನಲ್ಲಿ ಕ್ಯಾಪ್ಟನ್ ಜಾನ್ ವೆಡೆಲ್ ನಾಯಕತ್ವದಲ್ಲಿ ಹಡಗುಗಳು ಹೊರಟವು. ಅವು ಗೋವಾಕ್ಕೆ ಬಂದವು, ಅಲ್ಲಿಂದ ನಮ್ಮ ಭಟ್ಕಳಕ್ಕೆ.

ಹೌದು, ಭಟ್ಕಳಕ್ಕೇ. ಕಾಳುಮೆಣಸು ಬೇಕಿತ್ತು ಅವರಿಗೆ. ಆ ಹಡಗಿನಲ್ಲಿ ಪೀಟರ್ ಮಂಡಿ ಅಂತ ಒಬ್ಬ ವ್ಯಾಪಾರಿ ಇದ್ದ, ಕಂಡದ್ದನ್ನೆಲ್ಲ ಬರೆದಿಡುವ ಅಭ್ಯಾಸದವನು. 1637ರಲ್ಲಿ ಇವರ ಕಡೆಯವರು ಘಟ್ಟ ಹತ್ತಿ ಇಕ್ಕೇರಿಗೆ ಹೋದರು, ಮಂಡಿಯೂ ಹೋದ. ಆಗ ಅಲ್ಲಿ ಆಳುತ್ತಿದ್ದವನು ಕೆಳದಿಯ ವೀರಭದ್ರ ನಾಯಕ. ಮಂಡಿ ಬರೆದಿಟ್ಟ ವಿವರಗಳನ್ನು ಕೆಳದಿಯ ಚರಿತ್ರೆ ಬರೆಯುವವರು ಇವತ್ತಿಗೂ ನೋಡುತ್ತಾರೆ. ಮಾರನೇ ವರ್ಷ, 1638ರಲ್ಲಿ, ಕೋರ್ಟನ್ ಸಂಘದವರು ಕಾರವಾರದಲ್ಲಿ ವ್ಯಾಪಾರದ ಕೋಠಿ ತೆರೆದರು. ಸೋದೆ ಸೀಮೆಯ ಮೆಣಸಿನ ಹೆಸರು ಅಷ್ಟು ದೂರ ಹೋಗಿತ್ತು.

ಕೋರ್ಟನ್ ಇದ್ಯಾವುದನ್ನೂ ನೋಡಲಿಲ್ಲ. ಹಡಗು ಹೊರಟ ವರ್ಷವೇ, 1636ರಲ್ಲೇ ತೀರಿಕೊಂಡ. ಮಗ ಸಾಲದಲ್ಲಿ ಮುಳುಗಿ ದೇಶ ಬಿಟ್ಟ. ಲ್ಯಾಕ್ಸ್‌ಟನ್ ಕೈಬದಲಾಗಿ ಪಿಯರ್‌ಪಾಂಟ್ ಮನೆತನಕ್ಕೆ ಹೋಯಿತು, ಮುಂದೆ ಅವರಿಗೆ ಅರ್ಲ್ ಮ್ಯಾನ್ವರ್ಸ್ ಅನ್ನುವ ಬಿರುದು ಬಂತು. ನಾವು ವಸಾಹತಿನ ಕಥೆ ಹೇಳುವಾಗ ಕಂಪನಿ, ದೊರೆ, ಹಡಗು ಅಂತ ಹೇಳುತ್ತೇವೆ. ಆ ಹಡಗು ಕಳಿಸಿದವನ ಕೈಕೆಳಗೆ ಇಂಗ್ಲೆಂಡಿನಲ್ಲೂ ಗೇಣಿ ಕಟ್ಟುವ ರೈತರಿದ್ದರು. ಅವರ ಹೊಲವನ್ನು ಅಳೆಸಿದವನೂ ನಮ್ಮ ಮೆಣಸಿಗೆ ಹಡಗು ಕಳಿಸಿದವನೂ ಒಬ್ಬನೇ. ಶಿರಸಿ, ಸಾಗರದ ಕಡೆಯವರು ಯಾರಾದರೂ ಲ್ಯಾಕ್ಸ್‌ಟನ್‌ಗೆ ಹೋದರೆ ಅದು ಪೂರ್ತಿ ಪರಕೀಯ ಊರು ಅಂತ ಅನ್ನಿಸಬೇಕಾಗಿಲ್ಲ.

ಈಗ ಬೇಲಿಯ ವಿಷಯಕ್ಕೆ ಬರೋಣ. ಇಂಗ್ಲೆಂಡಿನ ಬಯಲು ಹೊಲಗಳೆಲ್ಲ ಎಲ್ಲಿ ಹೋದವು? ಒಂದೇ ಸಲಕ್ಕೆ ಹೋಗಲಿಲ್ಲ, ಕೆಲವು ಕಡೆ ರಾಜಿಯಿಂದ, ಕೆಲವು ಕಡೆ ಜಬರ್ದಸ್ತಿಯಿಂದ ಮೊದಲೇ ಹೋಗಿದ್ದವು. ಆದರೆ ದೊಡ್ಡ ಹೊಡೆತ ಬಿದ್ದದ್ದು ಪಾರ್ಲಿಮೆಂಟಿನ ಕಾಯ್ದೆಗಳಿಂದ. 1604ರಿಂದ 1914ರವರೆಗೆ ಒಂದೊಂದು ಊರಿಗೆ ಒಂದೊಂದರಂತೆ 5,200ಕ್ಕೂ ಹೆಚ್ಚು ಕಾಯ್ದೆಗಳು ಆದವು. 68 ಲಕ್ಷ ಎಕರೆ ಜಮೀನು ಹೀಗೆ ಬೇಲಿಯೊಳಗೆ ಹೋಯಿತು, ಇಂಗ್ಲೆಂಡಿನ ಐದನೇ ಒಂದು ಭಾಗಕ್ಕಿಂತ ಸ್ವಲ್ಪ ಜಾಸ್ತಿ. ಇದರಲ್ಲಿ ಬಹುಪಾಲು ನಡೆದದ್ದು 1750ರ ಆಚೆಗೆ.

ಕ್ರಮ ಹೀಗಿತ್ತು. ಊರಿನ ದೊಡ್ಡ ಹಿಡುವಳಿಯವರು ಅರ್ಜಿ ಹಾಕುತ್ತಾರೆ. ಕಾಯ್ದೆ ಆಗುತ್ತದೆ. ಕಮಿಷನರುಗಳು ಬಂದು ಅಳೆದು, ಚದುರಿದ ಪಟ್ಟಿಗಳ ಬದಲು ಒಂದೊಂದು ಕಡೆ ಒಟ್ಟು ಜಮೀನು ಕೊಡುತ್ತಾರೆ. ಗೋಮಾಳವನ್ನೂ ಹಂಚುತ್ತಾರೆ. ಬೇಲಿ ಹಾಕುವ ಖರ್ಚು ಅವರವರದ್ದೇ. ಕಾಗದದಲ್ಲಿ ಹಕ್ಕು ಇದ್ದವನಿಗೆ ಪಾಲು ಸಿಕ್ಕಿತು, ಆದರೆ ಸಣ್ಣ ಪಾಲಿನವನು ಬೇಲಿಯ ಖರ್ಚು ಹೊರಲಾಗದೆ ಮಾರಿಬಿಟ್ಟ. ಒಂದು ಹಸು ಕಟ್ಟಿಕೊಂಡು, ಗೋಮಾಳದಲ್ಲಿ ಮೇಯಿಸಿ, ಕೊಯ್ಲಾದ ಹೊಲದಲ್ಲಿ ತೆನೆ ಆರಿಸಿ ಬದುಕುತ್ತಿದ್ದವರ ಹತ್ತಿರ ಕಾಗದವೇ ಇರಲಿಲ್ಲ. ಎಷ್ಟೋ ಕಡೆ ಅವರಿಗೆ ಏನೂ ಸಿಗಲಿಲ್ಲ. ಇಳುವರಿ ಜಾಸ್ತಿಯಾಯಿತು ಅಂತ ಬೇಲಿಯ ಪರ ಇರುವವರು ಹೇಳುತ್ತಾರೆ, ಕೆಲವು ಊರುಗಳ ಮಟ್ಟಿಗೆ ಅದು ನಿಜವೂ ಇರಬಹುದು. ಆದರೆ ಹೆಚ್ಚಾದ ಇಳುವರಿ ಯಾರ ಕಣಜಕ್ಕೆ ಹೋಯಿತು ಅಂತಲೂ ಕೇಳಬೇಕು ಅಲ್ವಾ.

ಬೇಲಿಯ ಪರ ಇದ್ದವರ ಇನ್ನೊಂದು ವಾದ ಇವತ್ತಿಗೂ ಕೇಳಿಬರುತ್ತದೆ: ಎಲ್ಲರದ್ದೂ ಆದ ಜಮೀನು ಯಾರದ್ದೂ ಅಲ್ಲ, ಎಲ್ಲರೂ ಮೇಯಿಸಿ ಹಾಳುಮಾಡುತ್ತಾರೆ. 1968ರಲ್ಲಿ ಅಮೆರಿಕದ ಜೀವವಿಜ್ಞಾನಿ ಗ್ಯಾರೆಟ್ ಹಾರ್ಡಿನ್ ಈ ವಾದವನ್ನು ಲೋಕಪ್ರಸಿದ್ಧ ಮಾಡಿದರು. ಆದರೆ ಅವರು ಹೇಳಿದ ಕಾವಲಿಲ್ಲದ ಹುಲ್ಲುಗಾವಲು ಲ್ಯಾಕ್ಸ್‌ಟನ್‌ನಲ್ಲಿ ಯಾವತ್ತೂ ಇರಲಿಲ್ಲ. ಮೇಯಿಸುವ ಹಕ್ಕು ಇಂತಿಂಥ ಮನೆಗೆ, ಇಂತಿಷ್ಟೇ ಅಂತ ಲೆಕ್ಕವಿತ್ತು. ಯಾವ ದಿನ ಹೊಲಕ್ಕೆ ದನ ಬಿಡಬೇಕು, ಯಾವ ದಿನ ಹೊರಗೆ ಹೊಡೆಯಬೇಕು ಅಂತ ಕಟ್ಟಳೆಯಿತ್ತು. ಅಡ್ಡಾಡುವ ದನವನ್ನು ಹಿಡಿದು ಕೂಡುವ ದೊಡ್ಡಿ ಇತ್ತು, ಬಿಡಿಸಿಕೊಳ್ಳೋಕೆ ದುಡ್ಡು ಕಟ್ಟಬೇಕಿತ್ತು. ಬಳಸುವವರೇ ನಿಯಮ ಮಾಡಿ, ಬಳಸುವವರೇ ಕಾವಲಿದ್ದು, ಸಣ್ಣ ತಪ್ಪಿಗೆ ಸಣ್ಣ ದಂಡ ಹಾಕಿದರೆ ಇಂಥ ಏರ್ಪಾಡು ನೂರಾರು ವರ್ಷ ನಡೆಯುತ್ತದೆ ಅಂತ ಅಮೆರಿಕದ ವಿದ್ವಾಂಸೆ ಎಲಿನಾರ್ ಆಸ್ಟ್ರಮ್ ಬೇರೆ ಬೇರೆ ದೇಶಗಳ ಉದಾಹರಣೆ ಹಿಡಿದು ತೋರಿಸಿದರು, 2009ರಲ್ಲಿ ಅವರಿಗೆ ಅರ್ಥಶಾಸ್ತ್ರದ ನೊಬೆಲ್ ಬಂತು. ಲ್ಯಾಕ್ಸ್‌ಟನ್‌ನ ಗೂಟ, ಸುತ್ತಿಗೆ ನೋಡಿದವರಿಗೆ ಆ ಮಾತು ಬೇಗ ಅರ್ಥವಾಗುತ್ತದೆ.

ಹಾಗಾದರೆ ಲ್ಯಾಕ್ಸ್‌ಟನ್ ಮಾತ್ರ ಹೇಗೆ ಉಳಿಯಿತು? ಊರವರು ಹೋರಾಡಿ ಉಳಿಸಿಕೊಂಡರು ಅಂತ ಹೇಳುವ ಆಸೆ ನನಗೂ ಇದೆ, ಆದರೆ ಕಾರಣ ಬೇರೆ. ಊರಲ್ಲಿ ಇಬ್ಬರು ದೊಡ್ಡ ಜಮೀನುದಾರರು, ಮ್ಯಾನ್ವರ್ಸ್ ಮತ್ತು ಸ್ಕಾರ್‌ಬರೋ. ಇಬ್ಬರ ಪಟ್ಟಿಗಳೂ ಒಂದರೊಳಗೊಂದು ಹೆಣೆದುಕೊಂಡಿದ್ದವು, ನಡುವೆ ಸಣ್ಣಪುಟ್ಟ ಸ್ವಂತ ಹಿಡುವಳಿಯವರು ಬೇರೆ. ಬೇಲಿ ಹಾಕಬೇಕಾದರೆ ಇವರೆಲ್ಲ ಒಪ್ಪಬೇಕು, ಆ ಒಪ್ಪಂದ ಕೂಡಿ ಬರಲಿಲ್ಲ. ಅಂಚಿನ ಜಮೀನುಗಳಿಗೆ ಅಲ್ಲಲ್ಲಿ ಬೇಲಿ ಬಿತ್ತು, ನಡುವಿನದ್ದು ಹಾಗೇ ಉಳಿಯಿತು. ಆಮೇಲೆ 1870ರ ದಶಕದಿಂದ ಧಾನ್ಯದ ಬೆಲೆ ಕುಸಿಯಿತು, ಬೇಲಿಗೆ ಖರ್ಚು ಮಾಡುವ ಉತ್ಸಾಹವೂ ಇಳಿಯಿತು.

ಹಾಗಂತ ಏನೂ ಬದಲಾಗಿಲ್ಲ ಅಂತ ಅಲ್ಲ. 20ನೇ ಶತಮಾನದ ಮೊದಲ ದಶಕದಲ್ಲಿ ಮ್ಯಾನ್ವರ್ಸ್ ಎಸ್ಟೇಟಿನವರು ಪಟ್ಟಿಗಳನ್ನು ಅದಲುಬದಲು ಮಾಡಿ ಕೂಡಿಸಿದರು. ಇವತ್ತಿನ ಪಟ್ಟಿ 1635ರ ಪಟ್ಟಿಗಿಂತ ಎಷ್ಟೋ ಅಗಲ, ಟ್ರ್ಯಾಕ್ಟರು, ಕಟಾವು ಯಂತ್ರ ಆರಾಮಾಗಿ ಓಡುತ್ತವೆ. 1938ರಲ್ಲಿ ಇಂಗ್ಲೆಂಡಿನ ವಿದ್ವಾಂಸರಾದ ಆರ್ವಿನ್ ದಂಪತಿ ಈ ಊರನ್ನು ಮುಂದಿಟ್ಟುಕೊಂಡು ಬಯಲು ಹೊಲಗಳ ಬಗ್ಗೆ ಪುಸ್ತಕ ಬರೆದ ಮೇಲೆ ಲ್ಯಾಕ್ಸ್‌ಟನ್ ಹೆಸರು ಹೊರಗೆಲ್ಲ ಗೊತ್ತಾಯಿತು. 1952ರಲ್ಲಿ ಅರ್ಲ್ ಮ್ಯಾನ್ವರ್ಸ್ ತನ್ನ ಜಮೀನನ್ನು ಸರ್ಕಾರದ ಕೃಷಿ ಇಲಾಖೆಗೆ ಮಾರಿದ, ಪದ್ಧತಿ ಉಳಿಸಬೇಕು ಅನ್ನುವ ಆಶಯದೊಂದಿಗೆ. 1981ರಲ್ಲಿ ಅದು ಕ್ರೌನ್ ಎಸ್ಟೇಟಿಗೆ, ಅಂದರೆ ಬ್ರಿಟನ್ನಿನ ರಾಜಪೀಠದ ಆಸ್ತಿ ನೋಡಿಕೊಳ್ಳುವ ಸಂಸ್ಥೆಗೆ ಹೋಯಿತು.

ಇನ್ನೊಂದು ಸಂಗತಿ ಹೇಳದೆ ಮುಗಿಸಲಾರೆ. ಹೊಲಗಳ ನಡುವೆ, ಹಳ್ಳದ ಬದಿಯಲ್ಲಿ, ನೇಗಿಲು ತಿರುಗಿಸಲಾಗದ ಜೌಗಿನಲ್ಲಿ ಹುಲ್ಲಿನ ತುಂಡುಗಳಿವೆ. ಅವನ್ನು ಅಲ್ಲಿಯವರು ಸೈಕ್ ಅನ್ನುತ್ತಾರೆ. ಇವನ್ನು ಉಳುವ ಹಾಗಿಲ್ಲ. ಪ್ರತಿ ಬೇಸಿಗೆಯಲ್ಲಿ ಆ ಹುಲ್ಲನ್ನು ಹರಾಜು ಹಾಕುತ್ತಾರೆ, ಕೂಗಿಕೊಂಡವನು ಕೊಯ್ದು ಒಣಹುಲ್ಲು ಮಾಡಿಕೊಳ್ಳುತ್ತಾನೆ. ಶತಮಾನಗಳಿಂದ ನೇಗಿಲು ಮುಟ್ಟದ ಈ ಅಂಚುಗಳಲ್ಲಿ ಬೇರೆ ಕಡೆ ಕಾಣದಷ್ಟು ಬಗೆಯ ಕಾಡುಹೂವುಗಳಿವೆ, ಹಾಗಾಗಿ ಸರ್ಕಾರ ಇವನ್ನು ವಿಶೇಷ ರಕ್ಷಣೆಯ ಪಟ್ಟಿಗೆ ಸೇರಿಸಿದೆ. ಹೂವು ಉಳಿಸಬೇಕು ಅಂತ ಅಲ್ಲಿನ ಹಳಬರು ಯೋಚಿಸಿದ್ದರೋ ಇಲ್ಲವೋ, ಅಂಚು ಉತ್ತವನಿಗೆ ಜ್ಯೂರಿ ದಂಡ ಹಾಕುತ್ತಿದ್ದರಿಂದ ಹೂವೂ ಉಳಿದುಕೊಂಡಿತು.

ಇನ್ನು ಪ್ರಶ್ನೆಗಳು. ಮುಂದಿನ ಸಾಲಿನಲ್ಲಿದ್ದ ಹಿರಿಯರೊಬ್ಬರು, ಸ್ವತಃ ರೈತರು, ಕೇಳಿದರು: "ಒಬ್ಬನಿಗೆ ಆ ವರ್ಷ ಗೋಧಿ ಬೇಡ, ಬೇರೆ ಏನೋ ಹಾಕಬೇಕು ಅನ್ನಿಸಿದರೆ?"

ಬಯಲು ಹೊಲದೊಳಗಿನ ಪಟ್ಟಿಯಲ್ಲಿ ಸರದಿ ಮುರಿಯುವ ಹಾಗಿಲ್ಲ. ಆದರೆ ಲ್ಯಾಕ್ಸ್‌ಟನ್‌ನ ರೈತ ಬದುಕುವುದು ಆ ಪಟ್ಟಿಗಳಿಂದ ಮಾತ್ರ ಅಲ್ಲ, ಬೇಲಿಯೊಳಗಿನ ಜಮೀನೂ ಇರುತ್ತದೆ, ಅಲ್ಲಿ ಅವನಿಷ್ಟ. ಒಪ್ಪಿಕೊಂಡ ಸರದಿ ಅನ್ನೋದು ಇಕ್ಕಟ್ಟೇ, ಅದನ್ನು ಮುಚ್ಚಿಡಬಾರದು. ಹೊಸ ಬೆಳೆ ಪ್ರಯೋಗ ಮಾಡುವವನಿಗೆ ಅದು ಕಾಲಿಗೆ ಅಡ್ಡ ಬರುತ್ತದೆ.

ಕಾಲೇಜಿನ ಹುಡುಗಿಯೊಬ್ಬಳು ಕೇಳಿದ್ದು ಇನ್ನೂ ನೇರವಾದದ್ದು: "ಅಂಕಲ್, ಜಮೀನು ಎಲ್ಲ ಜಮೀನುದಾರನದ್ದೇ ಅಲ್ವಾ, ರೈತರು ಗೇಣಿದಾರರು. ಮತ್ತೆ ಇದನ್ನು ಊರಿನ ಸ್ವರಾಜ್ಯ ಅಂತ ಹೇಗೆ ಹೇಳೋದು?"

ಒಳ್ಳೆ ಪ್ರಶ್ನೆ. ಪೂರ್ತಿ ಸ್ವರಾಜ್ಯ ಅಲ್ಲ. ಮಧ್ಯಯುಗದಲ್ಲಿ ಈ ಸಭೆ ದೊರೆಮನೆಯ ಸಭೆಯಾಗಿತ್ತು, ಬಿಟ್ಟಿ ದುಡಿಮೆ ಮಾಡಬೇಕಾದವರೂ ಇದೇ ಊರಲ್ಲಿದ್ದರು. ಉಳುವವನೇ ಒಡೆಯ ಅನ್ನುವಂಥ ಕಾನೂನು ಅಲ್ಲಿಗೆ ಬರಲಿಲ್ಲ. ನಮ್ಮಲ್ಲಿ 1974ರಲ್ಲಿ ಬಂದ ಭೂಸುಧಾರಣೆಯಿಂದ ಎಷ್ಟು ಮನೆಗಳಿಗೆ ಜಮೀನು ಬಂತು ಅಂತ ಈ ಸಭೆಯಲ್ಲೇ ಹಲವರಿಗೆ ಗೊತ್ತಿದೆ, ಆ ದೃಷ್ಟಿಯಿಂದ ನಾವೇ ಮುಂದೆ. ನಾನು ಲ್ಯಾಕ್ಸ್‌ಟನ್‌ನಲ್ಲಿ ಮೆಚ್ಚುವುದು ಒಡೆತನವನ್ನಲ್ಲ. ದಿನದಿನದ ಬೇಸಾಯದ ಜಗಳಗಳನ್ನು ಬೇಸಾಯ ಮಾಡುವವರೇ ಹೊಲದಲ್ಲಿ ನಿಂತು ತೀರಿಸುತ್ತಾರಲ್ಲ, ಅದನ್ನು.

ಕೊನೆಗೆ, ಇದು ಎಷ್ಟು ದಿನ ಉಳಿಯುತ್ತದೆ ಅಂತ ಒಬ್ಬರು ಕೇಳಿದರು. 2018ರಲ್ಲಿ ಕ್ರೌನ್ ಎಸ್ಟೇಟ್ ಲ್ಯಾಕ್ಸ್‌ಟನ್ ಅನ್ನು ಮಾರುವುದಾಗಿ ಹೇಳಿದಾಗ ಇದೇ ಭಯ ಎಲ್ಲರಿಗೂ ಬಂದಿತ್ತು. 2020ರಲ್ಲಿ ಥೋರ್ಸ್‌ಬಿ ಎಸ್ಟೇಟ್ ಅದನ್ನು ಕೊಂಡಿತು, ಅಂದರೆ ಮ್ಯಾನ್ವರ್ಸ್ ಮನೆತನದ ಎಸ್ಟೇಟಿಗೇ ಊರು ವಾಪಸ್ ಹೋಯಿತು. ಸಭೆ, ಜ್ಯೂರಿ, ಸರದಿ ಎಲ್ಲ ಮುಂದುವರಿದಿವೆ. ನನಗೆ ಚಿಂತೆ ಇರುವುದು ಒಡೆಯ ಯಾರು ಅನ್ನೋದರ ಬಗ್ಗೆ ಅಲ್ಲ, ರೈತರ ಸಂಖ್ಯೆಯ ಬಗ್ಗೆ. ಎಲ್ಲ ಕಡೆಯ ಹಾಗೆ ಅಲ್ಲೂ ಸಣ್ಣ ಹಿಡುವಳಿಯಲ್ಲಿ ಜೀವನ ಸಾಗಿಸೋದು ಕಷ್ಟ, ಒಬ್ಬ ನಿವೃತ್ತನಾದಾಗ ಅವನ ಜಮೀನು ಪಕ್ಕದವನಿಗೆ ಸೇರಿಬಿಡುವುದು ಸುಲಭ. ನಾಲ್ಕೈದೇ ಜನ ಉಳಿದರೆ ಜ್ಯೂರಿಗೆ ಕೂರೋಕೆ ಯಾರಿರುತ್ತಾರೆ? ಪ್ರತಿ ಸಲ ಒಂದು ಹಿಡುವಳಿ ಖಾಲಿಯಾದಾಗ ಅದನ್ನು ಹೊಸದಾಗಿ ಬೇಸಾಯ ಶುರುಮಾಡುವ ಒಂದು ಮನೆಯವರಿಗೆ ಕೊಡಬೇಕು, ಅವರು ಆ ಬೀದಿಯಲ್ಲೇ ವಾಸ ಮಾಡುವಷ್ಟು ಆದಾಯ ಅದರಲ್ಲಿ ಬರಬೇಕು.